ಮುರಕಲ್ಲಿನೊಳಗಿನ ನೀರು: ಕಾಸರಗೋಡಿನಲ್ಲಿ ನಾಲ್ಕು ದಿನದ ಪ್ರಾರ್ಥನಾ ಪ್ರವಾಸ

ಮಂಜೇಶ್ವರದ ಕಡಲ ಬದಿಯಲ್ಲಿ ಶುರುವಾಗಿ ರಾಣಿಪುರದ ಹುಲ್ಲುಬೆಟ್ಟದಲ್ಲಿ ಮುಗಿಯುವ ದಾರಿ ಇದು. ಎಂಟರಿಂದ ಹನ್ನೆರಡು ಮಂದಿಯ ತಂಡಕ್ಕೆ ಸರಿಯಾಗುತ್ತದೆ. ಹದಿನೈದು ದಾಟಿತೋ, ಎಷ್ಟೇ ಭಕ್ತಿ ಇಟ್ಟುಕೊಂಡು ಹೊರಟರೂ ಅದು ಪಿಕ್ನಿಕ್ಕೇ.

ದಿನ ಅಕ್ಟೋಬರ್ 1ರಿಂದ 4. ಕ್ರೈಸ್ತ ಸಭೆಗಳು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವಾಗಿ 1989ರಲ್ಲಿ ಗುರುತಿಸಿದವರು ಆರ್ಥೊಡಾಕ್ಸ್ ಸಭೆಯ ಕುಲಪಿತ ದಿಮಿತ್ರಿಯೋಸ್. 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕ ಸಭೆಗೂ ಅದೇ ದಿನವನ್ನು ಗೊತ್ತುಮಾಡಿದರು. ಕೊನೆಯ ದಿನ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಗಾಂಧಿ ಜಯಂತಿಯ ರಜೆ ನಡುವೆ ಸಿಗುವುದು ಲಾಭ. ಆ ರಜೆಯಿಂದ ಒಂದು ನಷ್ಟವೂ ಇದೆ, ಅದು ಎರಡನೇ ದಿನದ ಮಾತು.

ಹೊರಡುವ ಮೊದಲು ಬೈಬಲಿನ ವಿಷಯ ತೀರ್ಮಾನವಾಗಲಿ. ದೇವರ ಹೆಸರು ಹಳೆಯ ಸತ್ಯವೇದದಲ್ಲಿ 'ಯೆಹೋವ', ಕಥೋಲಿಕರ ಕೈಯಲ್ಲಿರುವ ಅನುವಾದದಲ್ಲಿ 'ಸರ್ವೇಶ್ವರ'. ಎರಡೂ ಸರಿಯೇ. ಆದರೆ ಒಬ್ಬರು ಗಟ್ಟಿಯಾಗಿ ಓದುವಾಗ ಉಳಿದವರ ಪುಸ್ತಕದಲ್ಲಿ ಬೇರೆ ಪದವಿದ್ದರೆ ಕಣ್ಣು ಅಕ್ಷರದಲ್ಲಿ ಸಿಕ್ಕಿಬೀಳುತ್ತದೆ, ಕಿವಿ ಮುಚ್ಚುತ್ತದೆ. ಒಂದೇ ಅನುವಾದದಿಂದ ಐದು ಭಾಗ ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಡಿ: ಯೋವಾನ್ನ 21:1–14, ಮತ್ತಾಯ 6:25–34, ಆದಿಕಾಂಡ 26:17–22, ಕೀರ್ತನೆ 13, ಒಂದನೇ ಅರಸುಗಳು 19:3–13. ಗಿಟಾರ್ ಮನೆಯಲ್ಲೇ ಇರಲಿ.

ಮೊದಲ ದಿನ: ಮಂಜೇಶ್ವರ

ಮಂಗಳೂರು ಸೆಂಟ್ರಲ್‌ನಿಂದ ಲೋಕಲ್ ರೈಲು ಹತ್ತಿದರೆ ಮಂಜೇಶ್ವರ ಅರ್ಧ ಗಂಟೆಯ ದಾರಿ. ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಬೆಳಿಗ್ಗೆ ಇಳಿದು ನೇರ ಗಿಳಿವಿಂಡಿಗೆ, ಎಂದರೆ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕಕ್ಕೆ. ಪ್ರಾರ್ಥನಾ ಪ್ರವಾಸಕ್ಕೂ ಕವಿಯ ಮನೆಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ 'ಗೊಲ್ಗೊಥಾ'. ಕ್ರಿಸ್ತನ ಶಿಲುಬೆಯ ಮರಣವನ್ನು ಕುರಿತ ಆ ಕನ್ನಡ ಖಂಡಕಾವ್ಯ ಬಂದದ್ದು ಈ ಊರಿನಿಂದ, ಕ್ರೈಸ್ತರಲ್ಲದ ಒಬ್ಬ ಕೊಂಕಣಿ ಮನೆಮಾತಿನ ಕವಿಯಿಂದ. ಭಾಷೆ ಬಿಗಿ, ಒಮ್ಮೆ ಓದಿದರೆ ಒಳಗಿಳಿಯುವುದಿಲ್ಲ. ಇಡೀ ಕಾವ್ಯ ಮುಗಿಸುವ ಆಸೆ ಬೇಡ. ಹತ್ತು ಸಾಲನ್ನು ಮರದ ನೆರಳಲ್ಲಿ ಎರಡು ಸಲ ನಿಧಾನವಾಗಿ ಓದಿದರೆ ಸಾಕು.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ, ಉಪ್ಪಿನಕಾಯಿ. ಆಮೇಲೆ ಒಂದೂವರೆ ಗಂಟೆ ನಿದ್ದೆ. ಇದನ್ನು ಕಾರ್ಯಕ್ರಮದ ಪಟ್ಟಿಯಲ್ಲೇ ಬರೆಯಿರಿ, ಇಲ್ಲದಿದ್ದರೆ ಆ ಹೊತ್ತಿಗೆ ಯಾರಾದರೂ ಪ್ರವಚನ ತುರುಕುತ್ತಾರೆ. ಪ್ರವಾದಿ ಎಲೀಯ ಸಾವನ್ನು ಬೇಡಿಕೊಂಡು ಮರದ ಕೆಳಗೆ ಮಲಗಿದಾಗ ದೂತ ಅವನಿಗೆ ಉಪದೇಶ ಮಾಡಲಿಲ್ಲ. ತಿನ್ನಿಸಿದ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಬೆಟ್ಟದ ಮಾತು ಬಂದದ್ದು ಆಮೇಲೆ. ಪೇಟೆಯ ದಣಿವನ್ನು ಹೊತ್ತು ಬಂದವರು ಮೊದಲ ಸಂಜೆಯೇ ಧ್ಯಾನಕ್ಕೆ ಕುಳಿತರೆ ತೂಕಡಿಸುತ್ತಾರೆ. ಅದನ್ನೇ ತಮ್ಮ ಭಕ್ತಿಯ ಕೊರತೆ ಎಂದುಕೊಂಡು ಕುಗ್ಗುತ್ತಾರೆ.

ಐದಕ್ಕೆ ಕಣ್ವತೀರ್ಥದ ಕಡಲ ಬದಿ. ಈ ದಿನಗಳಲ್ಲಿ ಕಡಲು ಮೇಲ್ನೋಟಕ್ಕೆ ಸುಮ್ಮನಿದ್ದಂತೆ ಕಂಡರೂ ಒಳಸೆಳೆತ ಇರುತ್ತದೆ, ಕಾಲು ನೆನೆಸುವುದಕ್ಕಿಂತ ಮುಂದೆ ಹೋಗುವುದು ಬೇಡ. ನೀರಿನ ಅಂಚಿನಲ್ಲಿ ನಿಂತು ಓದಿದರೆ ತೆರೆಯ ಸದ್ದು ಮಾತನ್ನು ನುಂಗುತ್ತದೆ. ಗಾಳಿಮರಗಳ ಮರೆಗೆ ಬನ್ನಿ. ಓದುವವರು ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಂತು, ಕೇಳುವವರು ಎದುರಿಗೆ ಕುಳಿತರೆ ಸಣ್ಣ ಧ್ವನಿಯೂ ಮುಟ್ಟುತ್ತದೆ. ಓದುವುದು ಯೋವಾನ್ನನ 21ನೇ ಅಧ್ಯಾಯ. ರಾತ್ರಿಯಿಡೀ ಬಲೆ ಹಾಕಿ ಏನೂ ಸಿಗದವರು, ದಡದಲ್ಲಿ ಕೆಂಡದ ಬೆಂಕಿ, ಅದರ ಮೇಲೆ ಮೀನು, ಆಮೇಲೆ ಎಣಿಸಿದ 153 ಮೀನು. ಬಲೆ ಸರಿಮಾಡುತ್ತಾ ಕೂತ ಮೊಗವೀರರು ಹತ್ತಿರದಲ್ಲಿದ್ದರೆ ದೂರದಿಂದ ಅವರ ಕೈ ನೋಡಿ. ಎಣಿಕೆ ಯಾಕೆ ಅಷ್ಟು ಕರಾರುವಾಕ್ಕು ಎಂಬ ಪ್ರಶ್ನೆ ಮೀನು ಹಿಡಿಯುವವರಿಗೆ ಏಳುವುದೇ ಇಲ್ಲ, ಪಾಲು ಹಾಕಲು ಎಣಿಸಲೇಬೇಕು.

ನಾಲ್ಕೂ ದಿನ ಓದುವ ಕ್ರಮ ಒಂದೇ. ಹನ್ನೆರಡನೇ ಶತಮಾನದ ಸನ್ಯಾಸಿ ಎರಡನೇ ಗೀಗೋ ಇದನ್ನು ನಾಲ್ಕು ಮೆಟ್ಟಿಲ ಏಣಿ ಎಂದು ವಿವರಿಸಿದ: ಓದು, ಮನನ, ಪ್ರಾರ್ಥನೆ, ಮೌನದಲ್ಲಿ ನಿಲ್ಲುವುದು. ಬಯಲಿನಲ್ಲಿ ಇದನ್ನು ಹೀಗೆ ಮಾಡಿ. ಒಬ್ಬರು ಒಮ್ಮೆ ಓದಲಿ, ಎರಡು ನಿಮಿಷ ಸುಮ್ಮನಿರಿ. ಇನ್ನೊಬ್ಬರು, ಸಾಧ್ಯವಾದರೆ ಒಂದು ಹೆಣ್ಣು ಒಂದು ಗಂಡು ಧ್ವನಿ ಬರುವಂತೆ, ಮತ್ತೆ ಓದಲಿ. ತಮಗೆ ತಾಗಿದ ಒಂದು ಪದವನ್ನು ಮಾತ್ರ ಪ್ರತಿಯೊಬ್ಬರೂ ಹೇಳಲಿ, ವಿವರಣೆ ಬೇಡ. ನಂತರ ಹತ್ತು ಹೆಜ್ಜೆ ಅಂತರದಲ್ಲಿ ಒಬ್ಬರ ಹಿಂದೊಬ್ಬರು, ಇಪ್ಪತ್ತು ನಿಮಿಷ ಹೋಗಿ ಇಪ್ಪತ್ತು ನಿಮಿಷ ವಾಪಸು. ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ. ಫಾದರ್ ಅಥವಾ ಮುಂದಾಳು ಮೌನ ಸಹಿಸಲಾರದೆ ಬಾಯಿ ಬಿಡುತ್ತಾರೆ, ಇಲ್ಲವೇ ಸೂರ್ಯ ಮುಳುಗುವ ಹೊತ್ತಿಗೆ ಹನ್ನೆರಡೂ ಮೊಬೈಲು ಒಟ್ಟಿಗೆ ಮೇಲೇಳುತ್ತವೆ. ಸೂರ್ಯಾಸ್ತ ಆರೂ ಕಾಲರ ಆಸುಪಾಸು. ಅದಕ್ಕೆ ಮೊದಲೇ ಒಬ್ಬರ ಚೀಲಕ್ಕೆ ಎಲ್ಲ ಮೊಬೈಲು ಹಾಕಿಬಿಡಿ.

ಎರಡನೇ ದಿನ: ಪೊಸಡಿಗುಂಪೆ, ಬೇಳ

ರಜೆಯ ನಷ್ಟ ಇಲ್ಲಿದೆ. ಪೊಸಡಿಗುಂಪೆಗೆ ಅಕ್ಟೋಬರ್ 2ರಂದು ಬೆಳಿಗ್ಗೆ ಎಂಟಾದರೆ ಬೈಕುಗಳು, ಸ್ಪೀಕರುಗಳು. ಹಾಗಾಗಿ ಕತ್ತಲಲ್ಲೇ ಹೊರಡಬೇಕು. ಆ ಹೊತ್ತಿಗೆ ಬಸ್ಸಿಲ್ಲ, ಉಪ್ಪಳದಿಂದ ಜೀಪು ಹಿಂದಿನ ದಿನವೇ ಗೊತ್ತುಮಾಡಿಡಿ. ನಾಲ್ಕೂ ಮುಕ್ಕಾಲಿಗೆ ಬಿಟ್ಟರೆ ಐದೂವರೆಯೊಳಗೆ ಧರ್ಮತ್ತಡ್ಕದ ಕಡೆಯಿಂದ ಗುಡ್ಡದ ಬುಡ. ಸಮುದ್ರ ಮಟ್ಟದಿಂದ 1,060 ಅಡಿ ಎಂದು ಲೆಕ್ಕ. ಹತ್ತಲು ಅರ್ಧ ಗಂಟೆ ಸಾಕು. ಟಾರ್ಚು ಇಬ್ಬರಿಗೊಂದು ಇರಲಿ, ಬೆಳಕು ನೆಲಕ್ಕೆ ಬೀಳಲಿ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಮೇಲೆ ಪಾಚಿ ಕಟ್ಟಿರುತ್ತದೆ, ಚಪ್ಪಲಿಯವರು ಜಾರುತ್ತಾರೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋದ ಮಾತು ಬರುತ್ತದೆ. ಜನ ಹುಡುಕಿಕೊಂಡು ಬರುವ ಮೊದಲಿನ ಹೊತ್ತು ಅದು. ಬೈಕುಗಳ ಲೆಕ್ಕ ಆಗಲೂ ಇತ್ತೆನ್ನಿ.

ಪಶ್ಚಿಮಕ್ಕೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ನೋಡಿ, ಹತ್ತು ನಿಮಿಷ ಅದಕ್ಕೇ ಕೊಡಿ. ಆಮೇಲೆ ಎಲ್ಲರೂ ಕಣ್ಣು ಕೆಳಗೆ ಹಾಕಬೇಕು. ಈ ದಾರಿಯ ಮುಖ್ಯ ಪಾಠ ನೆಲದಲ್ಲಿದೆ. ಮಳೆಗಾಲದ ಕೊನೆಯಲ್ಲಿ ನಮ್ಮ ಮುರಕಲ್ಲಿನ ಪದವುಗಳ, ಎಂದರೆ ಬೋಳು ಮೇಲ್ಬಯಲುಗಳ, ಮೇಲೆ ಒಂದಿಂಚೂ ಇಲ್ಲದ ಮಣ್ಣಿನಲ್ಲಿ ಬೆರಳುದ್ದದ ಗಿಡಗಳು ಹೂ ಬಿಡುತ್ತವೆ. ನೀಲಿ ನೇರಳೆಯ ಯುಟ್ರಿಕ್ಯುಲೇರಿಯ, ಬಿಳಿ ಗುಂಡಿಯಂಥ ತಲೆಯ ಎರಿಯೊಕಾಲಾನ್, ಕೆಂಪು ರೋಮದ ಡ್ರೊಸೆರಾ. ಅಕ್ಟೋಬರ್ ಬಂದಾಗ ಅಬ್ಬರ ಇಳಿದಿರುತ್ತದೆ, ನೀರು ನಿಂತ ತಗ್ಗುಗಳಲ್ಲಿ ಹುಡುಕಬೇಕು. ಒಬ್ಬೊಬ್ಬರೂ ಒಂದು ಅಡಿ ಚೌಕದ ನೆಲ ಆರಿಸಿಕೊಂಡು ಇಪ್ಪತ್ತೈದು ನಿಮಿಷ ಅದನ್ನೇ ನೋಡುತ್ತಾ ಕೂರಲಿ. ಮೊದಲ ಏಳೆಂಟು ನಿಮಿಷ ಬೇಸರ ಖಂಡಿತ. ಬೇಸರ ದಾಟಿದ ಮೇಲೆ ಇರುವೆ ಕಾಣುತ್ತದೆ, ಎಲೆಯ ಮೇಲಿನ ಅಂಟಿನ ಹನಿ ಕಾಣುತ್ತದೆ. ಹನ್ನೆರಡನೇ ನಿಮಿಷಕ್ಕೆ ಎದ್ದವರಿಗೆ ಏನೂ ಸಿಗುವುದಿಲ್ಲ. ಹಾಸಿಕೊಳ್ಳಲು ಒಂದು ಗೋಣಿ ತುಂಡು ಇಲ್ಲದಿದ್ದರೆ ಒದ್ದೆಯ ಕಾರಣಕ್ಕೇ ಏಳುತ್ತಾರೆ.

ಇಲ್ಲಿ ಮತ್ತಾಯನ ಆರನೇ ಅಧ್ಯಾಯ, ಹೊಲದ ಹೂಗಳ ಭಾಗ ಓದಿ. ಗಲಿಲಿಯದ ಆ ಹೂ ಯಾವುದೆಂಬ ಚರ್ಚೆ ಪಂಡಿತರಿಗಿರಲಿ. ಆದರೆ ಒಂದು ವಿಷಯ ಮುಚ್ಚಿಡಬೇಡಿ. ಈ ಅಂದದ ಹೂಗಳಲ್ಲಿ ಎರಡು ಬೇಟೆಗಾರರು. ಮುರಕಲ್ಲಿನಲ್ಲಿ ಗಿಡಕ್ಕೆ ಬೇಕಾದ ಸಾರ ತೀರಾ ಕಡಿಮೆ. ಅದಕ್ಕೆ ಡ್ರೊಸೆರಾ ಅಂಟಿನಲ್ಲಿ ಹುಳ ಹಿಡಿಯುತ್ತದೆ, ಯುಟ್ರಿಕ್ಯುಲೇರಿಯ ನೆಲದೊಳಗಿನ ಪುಟ್ಟ ಚೀಲಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಎಳೆದುಕೊಳ್ಳುತ್ತದೆ. ಪ್ರಕೃತಿ ಎಂದರೆ ಬರೀ ಶಾಂತಿ ಎಂದು ಬೋಧಿಸುವ ಧ್ಯಾನಕೂಟಗಳು ಈ ಕಡೆ ತಿರುಗಿ ನೋಡುವುದಿಲ್ಲ. ಬೈಬಲಿಗೆ ಆ ಸಂಕೋಚವಿಲ್ಲ. 104ನೇ ಕೀರ್ತನೆಯಲ್ಲಿ ಪ್ರಾಯದ ಸಿಂಹಗಳು ಗರ್ಜಿಸುತ್ತಾ ದೇವರಲ್ಲೇ ಆಹಾರ ಕೇಳುತ್ತವೆ.

ಒಂಬತ್ತರೊಳಗೆ ಇಳಿಯಿರಿ. ಮೇಲೆ ನೆರಳಿಲ್ಲ. ಬಿಸಿಲಿಗಿಂತ ಹೆಚ್ಚಿನ ಭಯ ಸಿಡಿಲಿನದು. ಹಿಂಗಾರಿನ ಈ ತಿಂಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಗುಡುಗು ಸಾಮಾನ್ಯ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಎಂದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ಬೋಳುಗುಡ್ಡದಲ್ಲಿ ಎದ್ದು ನಿಂತ ಮನುಷ್ಯನೇ ಎತ್ತರದ ವಸ್ತು. ಮೊದಲ ಸಂಜೆಯ ಕಡಲ ಬದಿಯೊಂದನ್ನು ಬಿಟ್ಟು ಹೊರಗಿನ ಕೆಲಸವೆಲ್ಲ ಮಧ್ಯಾಹ್ನಕ್ಕೆ ಮುಂಚೆ ಮುಗಿಯುವಂತೆ ನೋಡಿಕೊಳ್ಳಿ.

ಅಲ್ಲಿಂದ ಸೀತಾಂಗೋಳಿ ಮೇಲಾಗಿ ಬೇಳ. ಶೋಕಮಾತೆ ಮರಿಯಳಿಗೆ ಅರ್ಪಿತವಾದ ಇಲ್ಲಿನ ಇಗರ್ಜಿ (ಚರ್ಚು) 1890ರದ್ದು, ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ್ದು. ಗೋಥಿಕ್ ಕಮಾನುಗಳ ಆ ಕಟ್ಟಡದೊಳಗೆ ಮಧ್ಯಾಹ್ನವೂ ತಂಪು. ತಂಗಲು ಇಗರ್ಜಿಯ ಹಾಲ್ ಕೇಳುವುದಾದರೆ ನಿಮ್ಮ ಊರಿನ ಪಾದ್ರಿಗಳ ಪತ್ರದೊಂದಿಗೆ ಎರಡು ವಾರ ಮೊದಲೇ ಬರೆಯಿರಿ. ಚಾಪೆ, ಹೊದಿಕೆ, ಸೊಳ್ಳೆಬತ್ತಿ ನಿಮ್ಮದೇ ಇರಲಿ. ಅಕ್ಟೋಬರ್ ಜಪಮಾಲೆಯ ತಿಂಗಳು. ಸಂಜೆ ಮನೆಗಳಲ್ಲಿ ಕೊಂಕಣಿಯ ತೇರ್ಸ್, ಎಂದರೆ ಜಪಮಾಲೆ ಪ್ರಾರ್ಥನೆ, ನಡೆಯುತ್ತದೆ, ಕರೆದರೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಭಾಷೆ ಬಾರದವರಿಗೂ ಐದು ನಿಮಿಷದಲ್ಲಿ ಲಯ ಸಿಗುತ್ತದೆ. ಶೋಕಮಾತೆಯ ಎದುರು ಹೆಚ್ಚು ಹೊತ್ತು ಇರಿ. ಮರುದಿನಕ್ಕೆ ಅದು ಬೇಕಾಗುತ್ತದೆ.

ಮೂರನೇ ದಿನ: ಎಣ್ಮಕಜೆಯ ಸುರಂಗ, ಸ್ವರ್ಗ

ಬದಿಯಡ್ಕ, ಪೆರ್ಲ ದಾಟಿ ಒಳಗೆ ಹೋದರೆ ಅಡಿಕೆ ತೋಟಗಳ ಕಣಿವೆ. ಇಲ್ಲಿನ ನೀರು ಸುರಂಗದ್ದು. ಮೇಲಿನಿಂದ ಕೆಳಕ್ಕೆ ತೋಡಿದ ಬಾವಿಯಲ್ಲ, ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದದ್ದು. ಎರಡು, ಎರಡೂವರೆ ಅಡಿ ಅಗಲ, ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ. ಉದ್ದದ ಲೆಕ್ಕ ಕೋಲಿನಲ್ಲಿ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಸುರಿಯುವ ಮಳೆಯನ್ನು ಮುರಕಲ್ಲು ಸ್ಪಂಜಿನಂತೆ ಹೀರಿ ಕೆಳಗೆ ಬಿಡುತ್ತದೆ. ಅಡಿಯ ಜೇಡಿಮಣ್ಣು ಅದನ್ನು ತಡೆಯುತ್ತದೆ. ಆ ಎರಡರ ಸಂದಿಗೆ ಸುರಂಗ ಮುಟ್ಟಿದರೆ ನೀರು ಒಸರುತ್ತದೆ. ನೆಲ ಒಳಗಿನಿಂದ ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರಾಗಿರುವುದರಿಂದ ಪಂಪು ಬೇಡ, ಕರೆಂಟು ಬೇಡ. ಹರಿದು ಬಂದು ಅಡಿಕೆ ಮರದ ದಂಬೆಯಲ್ಲೋ ಪೈಪಿನಲ್ಲೋ ಹೊರಗಿನ ತೊಟ್ಟಿಗೆ ಬೀಳುತ್ತದೆ. ಕೊರೆಯುವವನ ಹತ್ತಿರ ಪಿಕ್ಕಾಸು, ಗುದ್ದಲಿ, ಒಂದು ಮೇಣದ ಬತ್ತಿ. ಬತ್ತಿ ಮಂಕಾದರೆ ಒಳಗೆ ಪ್ರಾಣವಾಯು ಸಾಲದು ಎಂದು ಅರ್ಥ, ಹೊರಗೆ ಬರಬೇಕು. ತುಂಬ ಉದ್ದದ ಸುರಂಗಕ್ಕೆ ನಡುನಡುವೆ ಮೇಲಿನಿಂದ ಗಾಳಿಕಂಡಿ ತೋಡುತ್ತಾರೆ. ನೂರು ಕೋಲು ಹೋದರೂ ನೀರು ಸಿಗದ ಸುರಂಗಗಳಿವೆ.

ಎಲ್ಲ ಸುರಂಗಗಳೂ ಯಾರದೋ ಮನೆಯ ಹಿತ್ತಲಲ್ಲಿರುವುದು. ಅಂಗಳದಲ್ಲೇ ನಿಂತು ಒಬ್ಬರು ಕೇಳಲಿ: "ಅಣ್ಣಾ, ನಿಮ್ಮ ಸುರಂಗ ಒಮ್ಮೆ ಹೊರಗಿನಿಂದ ನೋಡಬಹುದಾ?" ಹೆಚ್ಚಿನವರು "ಬನ್ನಿ, ಒಳಗೆ ಮಾತ್ರ ಹೋಗಬೇಡಿ ಮಾರಾಯ್ರೇ" ಎನ್ನುತ್ತಾರೆ. ಆ ಮಾತನ್ನು ಪಾಲಿಸಿ. ಬಾವಲಿ, ಹಾವು, ಕುಸಿತ, ಕೆಟ್ಟ ಗಾಳಿ, ನಾಲ್ಕೂ ನಿಜ. ತೊಟ್ಟಿಗೆ ಕೈ ಅದ್ದಬೇಡಿ, ಮನೆಯವರು ಕುಡಿಯುವ ನೀರು ಅದು. ಕೊಟ್ಟ ಚೊಂಬಿನಲ್ಲಿ ಕುಡಿಯಿರಿ. ಒಂದು ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು ಎಂದು ಕೇಳಿ. ಆ ಉತ್ತರ ಇಟ್ಟುಕೊಂಡು ಇಸಾಕನ ಬಾವಿಗಳ ಭಾಗ ಓದಿ. ಮೊದಲನೆಯದಕ್ಕೆ ಜಗಳ, ಎರಡನೆಯದಕ್ಕೆ ಹಗೆತನ, ಮೂರನೆಯದಕ್ಕೆ ಅವನು ವಿಶಾಲವಾದ ಜಾಗ ಎಂದು ಹೆಸರಿಟ್ಟ. ಬಂಡೆಯಿಂದ ನೀರು ಚಿಮ್ಮಿದ ಮೋಶೆಯ ಕಥೆ ಎಲ್ಲರಿಗೂ ಬಾಯಿಪಾಠ. ಒಸರುವ ನೀರಿಗಾಗಿ ಮತ್ತೆ ಮತ್ತೆ ತೋಡಿದ ಇಸಾಕ ಕಾಸರಗೋಡಿಗೆ ಹೆಚ್ಚು ಹತ್ತಿರದವನು. ಪ್ರಾರ್ಥನೆ ಒಣಗಿಹೋಗಿದೆ ಎನ್ನುವವರನ್ನು ತೊಟ್ಟಿಯ ಬಳಿ ಅರ್ಧ ಗಂಟೆ ಕೂರಿಸಿ, ಹನಿ ಬೀಳುವ ಸದ್ದು ಕೇಳಿಸಿಕೊಳ್ಳಲಿ. ಬೇರೆ ಏನನ್ನೂ ಹೇಳಬೇಕಾಗಿಲ್ಲ.

ಇದೇ ಪಂಚಾಯತಿನಲ್ಲಿ ಸ್ವರ್ಗ ಎಂಬ ಊರಿದೆ. ಹೆಸರೇ ಅದು. ಮೇಲಿನ ಗುಡ್ಡಗಳಲ್ಲಿ ಕೇರಳ ಸರ್ಕಾರದ ಒಡೆತನದ ಗೇರು ತೋಟಗಳು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಚಹಾ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಎರಚಿದರು. ಗುಡ್ಡಕ್ಕೆ ಬಿದ್ದದ್ದು ಗುಡ್ಡದಲ್ಲೇ ನಿಲ್ಲಲಿಲ್ಲ. ಮುರಕಲ್ಲು ಮಳೆಯನ್ನು ಎಲ್ಲಿಗೆ ಇಳಿಸುತ್ತದೆಂದು ಬೆಳಿಗ್ಗೆ ನೋಡಿದ್ದೀರಲ್ಲ. ಮನೆಮನೆಯಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯತೆ, ಅಪಸ್ಮಾರ ಕಂಡುಬಂದು ಜನ ವರ್ಷಗಟ್ಟಲೆ ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ರಾಜ್ಯಕ್ಕೆ ಆದೇಶಿಸಿತು.

ಸ್ವರ್ಗದಲ್ಲಿ ಮಾಡಬಾರದ್ದನ್ನು ಮೊದಲು ಹೇಳಬೇಕು. ಸಂತ್ರಸ್ತರ ಮನೆಗಳಿಗೆ ತಂಡ ಕಟ್ಟಿಕೊಂಡು ಹೋಗಬೇಡಿ. ಫೋಟೋ ತೆಗೆಯಬೇಡಿ, ಹಾಲಿನ ಪುಡಿ ಹಂಚಬೇಡಿ. ಆ ಜನ ಸಾಕಷ್ಟು ಕ್ಯಾಮೆರಾ ನೋಡಿಯಾಗಿದೆ. ರಸ್ತೆಯ ಬದಿ ಒಂದು ಮರದ ಕೆಳಗೆ ನಿಂತು ಕೀರ್ತನೆ 13 ಓದಿ. ಆರೇ ವಚನ, ಮೊದಲೆರಡರಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬೇಕೆಂದರೆ ಯೆರೆಮೀಯ 12:4 ಸೇರಿಸಿ, ಅಲ್ಲಿ ನಾಡೇ ಶೋಕಿಸುತ್ತದೆ, ಹುಲ್ಲು ಒಣಗುತ್ತದೆ, ಪ್ರಾಣಿ ಪಕ್ಷಿ ಇಲ್ಲವಾಗುತ್ತವೆ, ಕಾರಣ ಅಲ್ಲಿ ವಾಸಿಸುವವರ ಕೆಡುಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಓದು ಮುಗಿದ ಕೂಡಲೇ ಯಾರಾದರೊಬ್ಬರು ಸಮಾಧಾನದ ಹಾಡು ಎತ್ತುವುದು. ಅದನ್ನು ತಡೆಯಿರಿ. ಹದಿನೈದು ನಿಮಿಷ ಹಾಗೆಯೇ ನಿಲ್ಲಿ. ಗುಡ್ಡ ನೋಡಿ ದೇವರನ್ನು ಹೊಗಳಲು ಕಲಿತ ತಂಡಕ್ಕೆ ಗುಡ್ಡದ ಪರವಾಗಿ ಅಳಲು ಬಾರದಿದ್ದರೆ ಆ ಹೊಗಳಿಕೆ ಅರ್ಧ ಕಲಿತದ್ದು. ಧ್ಯಾನಕೂಟಗಳ ಪಟ್ಟಿಯಲ್ಲಿ ಸುಂದರ ಜಾಗಗಳಷ್ಟೇ ಇರುವುದು ಹಳೆಯ ರೋಗ.

ಮಧ್ಯಾಹ್ನವೇ ಕಾಸರಗೋಡಿಗೆ ಇಳಿದು ರೈಲು ಹಿಡಿಯಿರಿ. ಚಂದ್ರಗಿರಿ ಹೊಳೆ ದಾಟಿದರೆ ಮಾತು ಮಲಯಾಳಕ್ಕೆ ಹೊರಳುತ್ತದೆ, ಬಸ್ಸಿನ ಬೋರ್ಡೂ ಹಾಗೆಯೇ. ನಾವು ಹೊಸದುರ್ಗ ಎನ್ನುವ ಕಾಞಂಗಾಡಿನಲ್ಲಿ ರಾತ್ರಿ ತಂಗುವುದು ಸುಲಭ.

ನಾಲ್ಕನೇ ದಿನ: ರಾಣಿಪುರ

ಕಾಞಂಗಾಡಿನಿಂದ ಪಾಣತ್ತೂರು ರಸ್ತೆ. ದಾರಿಯಲ್ಲಿ ರಾಜಪುರಂ, ಕೋಟ್ಟಯಂ ಧರ್ಮಪ್ರಾಂತ 1943ರಲ್ಲಿ ತೆಂಕಣದಿಂದ ಬಂದ ಕ್ನಾನಾಯ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿದ ಊರು. ಇನ್ನೂ ಮೇಲಿನ ಮಾಡತ್ತುಮಲೆಯನ್ನು ಅದೇ ಧರ್ಮಪ್ರಾಂತ 1970ರಲ್ಲಿ ಕೊಂಡು, ರಾಣಿ ಮರಿಯಳ ನೆನಪಿಗೆ ರಾಣಿಪುರಂ ಎಂದು ಹೆಸರಿಟ್ಟಿತು. ಬೆಳಗಿನ ಪೂಜೆಗೆ ಇಲ್ಲಿನ ಇಗರ್ಜಿಗೆ ಹೋಗುವುದಾದರೆ ಅದು ಸೀರೋ ಮಲಬಾರ್ ಕ್ರಮದ ಕುರ್ಬಾನ, ಮಲಯಾಳದಲ್ಲಿ. ನಮ್ಮ ಲ್ಯಾಟಿನ್ ಕ್ರಮಕ್ಕಿಂತ ಬೇರೆ, ಸಮಯವೂ ಹೆಚ್ಚು ಹಿಡಿಯುತ್ತದೆ. ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅರಣ್ಯ ಇಲಾಖೆಯ ಕೌಂಟರಿನಲ್ಲಿ ಟಿಕೆಟು. ಭಾರೀ ಮಳೆ ಬಂದರೆ, ಆನೆ ಇಳಿದರೆ ಅವತ್ತಿಗೆ ದಾರಿ ಮುಚ್ಚುತ್ತಾರೆ, ವಾದ ಮಾಡಿ ಪ್ರಯೋಜನವಿಲ್ಲ. ಹಿಂದಿನ ದಿನ ವಿಚಾರಿಸಿಕೊಳ್ಳಿ. ಏರು ದಾರಿ ಒಂದೂವರೆ ಗಂಟೆಯೊಳಗಿನದು, ತುದಿ ಸಾವಿರ ಮೀಟರಿನ ಆಸುಪಾಸು. ಆಚೆಗೆ ತಲಕಾವೇರಿಯ ಕಾಡು.

ಜಿಗಣೆಗೆ ಉಪ್ಪಿನ ಕಿರುಗಂಟು ಸಾಕು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ. ಬಾಯಿಯ ಬದಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

ಮೌನ ನಡಿಗೆಯ ನಿಯಮವನ್ನು ಇಲ್ಲಿ ಮುರಿಯಬೇಕು. ಮರಗಳ ನಡುವಿನ ದಾರಿಯಲ್ಲಿ ಹನ್ನೆರಡು ಮಂದಿ ಸದ್ದಿಲ್ಲದೆ ನಡೆದರೆ ಆನೆಗೆ ನಿಮ್ಮ ಬರವು ಗೊತ್ತಾಗುವುದಿಲ್ಲ, ತಿರುವಿನಲ್ಲಿ ಎದುರಾಗುತ್ತೀರಿ. ಹತ್ತು ಹೆಜ್ಜೆ ಅಂತರವೂ ಬೇಡ. ಒಟ್ಟಾಗಿ, ಸಹಜ ಧ್ವನಿಯಲ್ಲಿ ಮಾತಾಡುತ್ತಾ, ಹಸಿ ಲದ್ದಿ ಕಂಡರೆ ಅಲ್ಲೇ ನಿಂತು ಕಾವಲುಗಾರನ ಮಾತು ಕೇಳುತ್ತಾ ಹೋಗಿ. ಶೋಲ ಕಾಡು ಮುಗಿದು ಹುಲ್ಲು ಶುರುವಾದಲ್ಲಿ ನಾಲ್ಕೂ ಕಡೆ ಕಣ್ಣು ಹಾಯುತ್ತದೆ. ಮೌನ ಅಲ್ಲಿಂದ.

ತುದಿಯಲ್ಲಿ ಗಾಳಿ ಜೋರು. ಬಂಡೆಯ ಮರೆಗೆ ಎಲ್ಲರೂ ಒತ್ತಾಗಿ ಕೂತು ಎಲೀಯನ ಭಾಗ ಓದಿ, ಮೊದಲ ದಿನದ ನಿದ್ದೆ ಮತ್ತು ರೊಟ್ಟಿಯಿಂದ ಶುರುಮಾಡಿ. ಬಿರುಗಾಳಿಯಲ್ಲಿ ದೇವರಿಲ್ಲ, ಭೂಕಂಪದಲ್ಲಿಲ್ಲ, ಬೆಂಕಿಯಲ್ಲಿಲ್ಲ. ಕೊನೆಗೆ ಮೆಲುದನಿ. ಎಲೀಯನಿಗೆ ಕೇಳಿದ್ದು ಸಾಂತ್ವನವಲ್ಲ, "ಇಲ್ಲಿ ಏನು ಮಾಡುತ್ತಿದ್ದೀ?" ಎಂಬ ಪ್ರಶ್ನೆ. ಆ ಸಾಲಿಗೆ ಓದು ನಿಲ್ಲಿಸಿ. ಇಪ್ಪತ್ತು ನಿಮಿಷ. ಮಂಜು ಮುಚ್ಚಿ ನೋಟವೇ ಇಲ್ಲದ ದಿನವಾದರೂ ಈ ಭಾಗಕ್ಕೆ ಏನೂ ಕಡಿಮೆಯಾಗುವುದಿಲ್ಲ, ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದು.

ಹನ್ನೆರಡರೊಳಗೆ ಇಳಿಯಲು ಶುರುಮಾಡಿ. ಇಳಿಯುವಾಗಲೇ ಕಾಲು ಉಳುಕುವುದು ಹೆಚ್ಚು, ಒದ್ದೆ ಹುಲ್ಲಿನಲ್ಲಿ ಹಿಮ್ಮಡಿ ಮೊದಲು ಊರಿ. ಕೆಳಗೆ ಬಂದು ಊಟ ಮುಗಿಯುವವರೆಗೆ ಅನುಭವ ಹಂಚಿಕೆ ಬೇಡ. ಆಮೇಲೆ ಒಬ್ಬೊಬ್ಬರಿಗೆ ಒಂದೇ ನಿಮಿಷ, ನಾಲ್ಕು ದಿನದಲ್ಲಿ ಕಣ್ಣಾರೆ ಕಂಡ ಒಂದು ವಸ್ತುವಿನ ಬಗ್ಗೆ ಮಾತ್ರ: ಬಲೆಯ ಗಂಟು, ಡ್ರೊಸೆರಾದ ಹನಿ, ಸುರಂಗದ ತೊಟ್ಟಿ. ಏನನಿಸಿತು ಎಂಬುದನ್ನು ಮನೆಗೆ ಒಯ್ಯಲಿ. ಮೊಬೈಲುಗಳನ್ನು ಕಾಞಂಗಾಡಿನ ಪ್ಲಾಟ್‌ಫಾರಂ ಮುಟ್ಟಿದ ಮೇಲೆ ಹಿಂದಿರುಗಿಸಿದರೆ ಸಾಕು.